ಪರ್ಸೆಂಟ್ ಸರಿ, ಯಾವುದರ ಪರ್ಸೆಂಟ್ ಅದು?

ಒಂದ್ಸಲ ನನಗೆ ಒಂದು ನಕ್ಷೆ ದೊಡ್ಡದಾಗಿ ಬೇಕಿತ್ತು, ಎ4 ಹಾಳೇಲಿ ಇದ್ದದ್ದನ್ನ ಎ3 ಹಾಳೆಗೆ ಝೆರಾಕ್ಸ್ ಮಾಡ್ಕೊಂಡೆ. ಮಷೀನ್ ತಾನೇ 141 ಪರ್ಸೆಂಟ್ ಅಂತ ತೋರಿಸ್ತು, ಬಟನ್ ಒತ್ತಿದೆ, ಹಾಳೆ ತುಂಬ ಸರಿಯಾಗಿ ಬಂತು. ಅದರ ಮೇಲೆ ಪೆನ್ನಲ್ಲಿ ಗುರುತು ಎಲ್ಲ ಹಾಕಿ ಆದ್ಮೇಲೆ ಫೈಲ್‌ಗೆ ಸೇರಿಸೋಕೆ ಮತ್ತೆ ಎ4ಗೆ ಇಳಿಸ್ಬೇಕಿತ್ತು. 41 ಪರ್ಸೆಂಟ್ ಜಾಸ್ತಿ ಮಾಡಿದೀನಲ್ಲ, ಈಗ 41 ಕಮ್ಮಿ ಮಾಡಿದ್ರೆ ಮುಗೀತು, ನೂರರಲ್ಲಿ 41 ಹೋದ್ರೆ 59, ಅಂತ ಲೆಕ್ಕ ಹಾಕಿ 59 ಟೈಪ್ ಮಾಡಿ ಒತ್ತೇಬಿಟ್ಟೆ. ಬಂದ ನಕ್ಷೆ ಹಾಳೆಯ ಒಂದು ಮೂಲೇಲಿ ಮುದುರ್ಕೊಂಡು ಕೂತಿತ್ತು. 29.7 ಸೆಂಟಿಮೀಟರ್ ಉದ್ದ ಇರ್ಬೇಕಾಗಿದ್ದು 24.8ಕ್ಕೇ ನಿಂತುಬಿಟ್ಟಿತ್ತು. ಪಕ್ಕದಲ್ಲಿ ಪಾಳಿಗೆ ಕಾಯ್ತಿದ್ದವರು ನಕ್ಕು, 71 ಹಾಕಿ ನೋಡಿ ಅಂದ್ರು. ಹಾಕಿದೆ, ಕೂದಲೆಳೆ ವ್ಯತ್ಯಾಸ ಇಲ್ದೆ ಬಂತು.

ಅಲ್ಲ, 41 ಹತ್ತಿ 29 ಇಳಿದ್ರೆ ಹೊರಟ ಜಾಗಕ್ಕೇ ವಾಪಸ್ ಬರೋದು ಹೇಗೆ?

ಹತ್ತಿದ 41 ಇದೆಯಲ್ಲ ಅದು ಚಿಕ್ಕ ಹಾಳೆಯ 41. ಇಳಿದ 29 ದೊಡ್ಡ ಹಾಳೆಯ 29. ಸ್ಕೇಲ್ ಇಟ್ಟೇ ನೋಡಿ: ಎ4 ಉದ್ದ 29.7 ಸೆಂ.ಮೀ., ಅದರ 41 ಪರ್ಸೆಂಟ್ ಅಂದ್ರೆ 12.18. ಎ3 ಉದ್ದ 42 ಸೆಂ.ಮೀ., ಅದರ 29 ಪರ್ಸೆಂಟ್ ಅಂದ್ರೂ 12.18. ಹತ್ತಿದ್ದೂ ಅಷ್ಟೇ, ಇಳಿದದ್ದೂ ಅಷ್ಟೇ, ಅಳೆಯೋ ಕೋಲು ಮಾತ್ರ ಬೇರೆ ಬೇರೆ. ಇನ್ನೊಂದು ತಮಾಷೆ ಏನಂದ್ರೆ ಎ3 ಹಾಳೇನ ಮಧ್ಯಕ್ಕೆ ಮಡಚಿದ್ರೆ ಎರಡು ಎ4 ಆಗತ್ತೆ, ಅಂದ್ರೆ ಹಾಳೆಯ ಜಾಗ ಡಬಲ್. ಹಾಗಾಗಿ ಅದೇ ಒಂದು ಬಟನ್ ಒತ್ತಿದ್ದಕ್ಕೆ ಒಬ್ರು 41 ಪರ್ಸೆಂಟ್ ದೊಡ್ಡದಾಯ್ತು ಅನ್ನಬಹುದು, ಇನ್ನೊಬ್ರು 100 ಪರ್ಸೆಂಟ್ ದೊಡ್ಡದಾಯ್ತು ಅನ್ನಬಹುದು, ಇಬ್ಬರದ್ದೂ ಸುಳ್ಳಲ್ಲ. ಒಬ್ರು ಉದ್ದ ಹೇಳ್ತಿದಾರೆ, ಇನ್ನೊಬ್ರು ವಿಸ್ತೀರ್ಣ ಹೇಳ್ತಿದಾರೆ. ಪರ್ಸೆಂಟ್ ಲೆಕ್ಕದಲ್ಲಿ ಜನ ಎಡವೋದು ಗುಣಾಕಾರ ಭಾಗಾಕಾರ ಬರ್ದೇ ಇರೋದ್ರಿಂದಲ್ಲ, ಅದಕ್ಕೆ ಮೊಬೈಲ್ ಇದೆ, "ಯಾವುದರ?" ಅಂತ ಕೇಳೋದನ್ನ ಮರೆಯೋದ್ರಿಂದ ಅನ್ನೋದು ನನ್ನ ಅಭಿಪ್ರಾಯ.

ಪದವೇನೋ ಸರಳ. ಪರ್ಸೆಂಟ್ ಅಂದ್ರೆ ನೂರಕ್ಕೆ ಇಷ್ಟು ಅಂತ. ಪ್ರತಿಶತದಲ್ಲಿರೋ ಶತ ನೂರು, ಮರಾಠಿಲಿ ಶೇಕಡಾ ಅಂದ್ರೂ ನೂರರ ಲೆಕ್ಕವೇ, ಲ್ಯಾಟಿನ್‌ನ ಪೆರ್ ಸೆಂಟುಮ್ ಕೂಡ ನೂರಕ್ಕೆ ಅಂತಲೇ. ರೋಮಿನ ಅಗಸ್ಟಸ್ ದೊರೆ ಹರಾಜಲ್ಲಿ ಮಾರಾಟವಾದ ಸಾಮಾನಿನ ಮೇಲೆ ನೂರಕ್ಕೆ ಒಂದು ತೆರಿಗೆ ಹಾಕಿದ್ದ. ಆಮೇಲೆ 15ನೇ ಶತಮಾನದಲ್ಲಿ ಇಟಲಿಯವರು ಪೆರ್ ಚೆಂತೊ ಅಂತ ಬರೆಯೋದನ್ನ ಗಡಿಬಿಡೀಲಿ ಚಿಕ್ಕದು ಮಾಡ್ತಾ ಮಾಡ್ತಾ, ಈಗ ಎರಡು ಸೊನ್ನೆ ಮಧ್ಯ ಒಂದು ಓರೆಗೆರೆ ಎಳೀತೀವಲ್ಲ, ಆ ಗುರುತು ಹುಟ್ಟಿತು. ಲೆಕ್ಕದ ಉಪಾಯ ಮಾತ್ರ ಇನ್ನೂ ಹಳೇದು, 499ರಲ್ಲೇ ಆರ್ಯಭಟ ಹೇಳಿದ ತ್ರೈರಾಶಿಕ ಇದೇ ತಾನೇ, ಇಷ್ಟಕ್ಕೆ ಇಷ್ಟಾದ್ರೆ ಅಷ್ಟಕ್ಕೆ ಎಷ್ಟು. ಪರ್ಸೆಂಟ್‌ನಲ್ಲಿ ಒಂದು ಮನೇನ ಯಾವಾಗಲೂ 100 ಅಂತ ಮೊಳೆ ಹೊಡೆದು ಕೂರಿಸಿಬಿಟ್ಟಿದೀವಿ, ಅಷ್ಟೇ ವ್ಯತ್ಯಾಸ.

ಮೊಳೆ ಯಾಕೆ ಬೇಕು ಅಂದ್ರೆ ಹೋಲಿಸೋಕೆ. ಒಂದು ಟೆಸ್ಟಲ್ಲಿ 45ಕ್ಕೆ 36 ಬಂತು, ಇನ್ನೊಂದರಲ್ಲಿ 60ಕ್ಕೆ 47 ಬಂತು, ಯಾವುದು ಮೇಲು? ಹಾಗೇ ನೋಡಿದ್ರೆ ತಲೆ ಕೆರ್ಕೊಳ್ಬೇಕು. 36ನ್ನ 45ರಿಂದ ಭಾಗಿಸಿ ನೂರರಿಂದ ಗುಣಿಸಿ, 80. 47ನ್ನ 60ರಿಂದ ಭಾಗಿಸಿ ನೂರರಿಂದ ಗುಣಿಸಿ, 78.3. ಮೊದಲನೇದೇ ಮೇಲು.

ಸ್ಕೂಲಲ್ಲಿ ಇದಕ್ಕೆ ಮೂರು ನಾಲ್ಕು ಸೂತ್ರ ಬಾಯಿಪಾಠ ಮಾಡಿಸ್ತಾರೆ, ಹೆಚ್ಚಳಕ್ಕೊಂದು ಇಳಿಕೆಗೊಂದು ಮೂಲಬೆಲೆ ಹುಡುಕೋಕೆ ಇನ್ನೊಂದು, ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲ ಕಲಸಿಹೋಗತ್ತೆ. ನನಗೆ ಉಪಯೋಗಕ್ಕೆ ಬಂದಿರೋದು ಒಂದೇ ಅಭ್ಯಾಸ: ಪರ್ಸೆಂಟನ್ನ ಗುಣಿಸೋ ಸಂಖ್ಯೆ ಮಾಡ್ಕೊಳ್ಳೋದು. ಪೂರ್ತಿ ವಸ್ತು ಅಂದ್ರೆ 1. ಶೇಕಡಾ 8 ಹೆಚ್ಚಾಯ್ತು ಅಂದ್ರೆ 1.08ರಿಂದ ಗುಣಿಸು, ಶೇಕಡಾ 15 ಕಮ್ಮಿ ಆಯ್ತು ಅಂದ್ರೆ ಉಳಿದದ್ದು 85, ಹಾಗಾಗಿ 0.85ರಿಂದ ಗುಣಿಸು. ವಾಪಸ್ ಹೋಗ್ಬೇಕಾ, ಅದೇ ಸಂಖ್ಯೆಯಿಂದ ಭಾಗಿಸು. ಝೆರಾಕ್ಸ್ ಮಷೀನ್ ಮುಂದೆ ನಾನು ಮಾಡ್ಬೇಕಿದ್ದದ್ದು ಅದೇ, 1ನ್ನ 1.41ರಿಂದ ಭಾಗಿಸಿದ್ರೆ 0.71 ಬರತ್ತೆ.

ಇದೊಂದು ಕೈಗೆ ಹತ್ತಿದ್ರೆ ಎಷ್ಟೋ ಗಂಟು ತಾನಾಗೇ ಬಿಚ್ಕೊಳ್ಳತ್ತೆ. ತೆರಿಗೆ ಸೇರಿ ಬಿಲ್ 1150 ಆಗಿದೆ, ತೆರಿಗೆ ಶೇಕಡಾ 15, ಹಾಗಾದ್ರೆ ವಸ್ತುವಿನ ಬೆಲೆ ಎಷ್ಟು ಅಂತ ಕೇಳಿದ್ರೆ ಹತ್ತರಲ್ಲಿ ಏಳೆಂಟು ಜನ 1150ರಲ್ಲಿ 15 ಪರ್ಸೆಂಟ್ ಕಳೀತಾರೆ, 977.50 ಬರತ್ತೆ, ತಪ್ಪು. ತೆರಿಗೆ ಹಾಕಿದ್ದು 1150ರ ಮೇಲಲ್ಲ, ಅದಕ್ಕೂ ಮೊದಲಿದ್ದ ಬೆಲೆ ಮೇಲೆ. 1150ನ್ನ 1.15ರಿಂದ ಭಾಗಿಸಿದ್ರೆ 1000, ಅದು ಸರಿ. ಹಾಗೇ "50 ಪರ್ಸೆಂಟ್ ಆಫ್, ಅದರ ಮೇಲೆ ಮತ್ತೆ 20 ಪರ್ಸೆಂಟ್ ಆಫ್" ಅಂತ ಬೋರ್ಡ್ ಹಾಕಿರ್ತಾರಲ್ಲ, ಮನಸ್ಸು ತಕ್ಷಣ 70 ಅಂತ ಕೂಡಿಸ್ಕೊಂಡುಬಿಡತ್ತೆ. ಎರಡನೇ 20 ಬೀಳೋದು ಅರ್ಧ ಆಗಿರೋ ಬೆಲೆ ಮೇಲೆ. 0.5 ಗುಣಿಸು 0.8, 0.4. ನೀವು ಕೊಡೋದು 40, ಬಿಟ್ಟಿದ್ದು 60. ಮೊದಲು 20 ಬಿಟ್ಟು ಆಮೇಲೆ 50 ಬಿಟ್ರೆ ಏನಾದ್ರೂ ಬೇರೆ ಬರತ್ತಾ ಅಂತ ಕೆಲವರು ಕೇಳ್ತಾರೆ, ಇಲ್ಲ, ಗುಣಾಕಾರಕ್ಕೆ ಹಿಂದೆ ಮುಂದೆ ಇಲ್ಲ.

ಹಿಂದೆ ಮುಂದೆ ಇಲ್ಲ ಅನ್ನೋದ್ರಿಂದ ಇನ್ನೊಂದು ಲಾಭ ಇದೆ, ಇದು ಗೊತ್ತಾದ ದಿನ ಇಷ್ಟು ವರ್ಷ ಯಾರೂ ಯಾಕೆ ಹೇಳ್ಲಿಲ್ಲ ಅಂತ ನನಗೆ ಸಿಟ್ಟೇ ಬಂದಿತ್ತು. 50ರ 16 ಪರ್ಸೆಂಟ್ ಅಂದ್ರೂ ಒಂದೇ, 16ರ 50 ಪರ್ಸೆಂಟ್ ಅಂದ್ರೂ ಒಂದೇ. ಮೊದಲನೇದಕ್ಕೆ ಪೆನ್ನು ಬೇಕು, ಎರಡನೇದಕ್ಕೆ ಅರ್ಧ ಮಾಡಿದ್ರೆ ಸಾಕು, 8. 75ರ 4 ಪರ್ಸೆಂಟ್ ಎಷ್ಟು? ತಿರುಗಿಸಿ, 4ರ ಮುಕ್ಕಾಲು, 3. 25ರ 32 ಪರ್ಸೆಂಟ್? 32ರ ಕಾಲು, 8. ಎಲ್ಲಾ ಸಲ ಇಷ್ಟು ಸಲೀಸಾಗಿ ಬರಲ್ಲ, ಆದ್ರೆ ಬಂದಾಗ ಪಕ್ಕದವರು ಕ್ಯಾಲ್ಕುಲೇಟರ್ ತೆಗೆಯೋ ಅಷ್ಟರಲ್ಲಿ ನಿಮ್ಮದು ಮುಗಿದಿರತ್ತೆ.

ಬರದೇ ಇದ್ದಾಗ ಹತ್ತನ್ನ ಹಿಡೀರಿ. ಯಾವ ಸಂಖ್ಯೆಗಾದ್ರೂ 10 ಪರ್ಸೆಂಟ್ ಅಂದ್ರೆ ಬಿಂದು ಒಂದು ಮನೆ ಎಡಕ್ಕೆ, 1 ಪರ್ಸೆಂಟ್ ಅಂದ್ರೆ ಎರಡು ಮನೆ. 350ರ 18 ಪರ್ಸೆಂಟ್ ಬೇಕು ಅಂದ್ರೆ ಹತ್ತಕ್ಕೆ 35, ಇಪ್ಪತ್ತಕ್ಕೆ 70, ಎರಡು ಪರ್ಸೆಂಟ್ ಜಾಸ್ತಿ ಆಯ್ತು ಅದು 7, ಕಳೆದ್ರೆ 63. ಬಾಯಲ್ಲೇ ಆಗತ್ತೆ. ಹನ್ನೆರಡೂವರೆ ಅಂದ್ರೆ ಎಂಟನೇ ಒಂದು ಭಾಗ, ಮೂವತ್ತಮೂರು ಚಿಲ್ಲರೆ ಅಂದ್ರೆ ಮೂರನೇ ಒಂದು ಭಾಗ, ಇಷ್ಟು ಗೊತ್ತಿದ್ರೆ ದಿನದ ವ್ಯವಹಾರಕ್ಕೆ ಧಾರಾಳ ಸಾಕು. ಕ್ಯಾಲ್ಕುಲೇಟರಲ್ಲಿರೋ ಪರ್ಸೆಂಟ್ ಬಟನ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ, 200 ಪ್ಲಸ್ 10 ಪರ್ಸೆಂಟ್ ಅಂತ ಒತ್ತಿದ್ರೆ ಕೆಲವು 220 ಅನ್ನತ್ತೆ, ಕೆಲವು 200.1 ಅನ್ನತ್ತೆ. ಮೊದಲನೇದು ಇವರು 200ರ ಹತ್ತು ಪರ್ಸೆಂಟ್ ಕೇಳ್ತಿದಾರೆ ಅಂತ ಊಹೆ ಮಾಡ್ಕೊಂಡಿದೆ, ಎರಡನೇದು ಊಹೆ ಗೀಹೆ ಏನೂ ಇಲ್ಲ, 10 ಪರ್ಸೆಂಟ್ ಅಂದ್ರೆ 0.1 ಅಂತ ಕೂಡಿಸಿ ಕೈ ತೊಳ್ಕೊಂಡಿದೆ. ಯಂತ್ರಕ್ಕೂ ಅದೇ ಗೊಂದಲ ನೋಡಿ, ಯಾವುದರ?

ಈಗ ಏರಿಳಿತಕ್ಕೆ ಬರೋಣ, ದುಡ್ಡು ಹೂಡಿದವರಿಗೆ ಇದು ಹೊಟ್ಟೆ ಉರಿಸೋ ಭಾಗ. 1000 ಇದ್ದದ್ದು ಶೇಕಡಾ 20 ಏರಿ ಆಮೇಲೆ ಶೇಕಡಾ 20 ಇಳಿದ್ರೆ ಅಲ್ಲಿಗಲ್ಲಿಗೆ ಸರಿ ಹೋಯ್ತು ಅನ್ಸತ್ತೆ, ಆದ್ರೆ 1200 ಆಗಿ 960ಕ್ಕೆ ಬಂದಿರತ್ತೆ, 40 ಗೋತಾ. ಮೊದಲು ಇಳಿದು ಆಮೇಲೆ ಏರಿದ್ರೂ ಅದೇ 960. ಶೇಕಡಾ 20 ಕಳ್ಕೊಂಡವನು ಮೊದಲಿನ ಜಾಗಕ್ಕೆ ಬರೋಕೆ ಶೇಕಡಾ 25 ಏರ್ಬೇಕು, 50 ಕಳ್ಕೊಂಡವನು 100 ಏರ್ಬೇಕು, 90 ಕಳ್ಕೊಂಡವನು 900 ಏರ್ಬೇಕು. ಬಿದ್ದಷ್ಟೂ ಕೆಳಗಿನ ಮೆಟ್ಟಿಲು ಚಿಕ್ಕದಾಗ್ತಾ ಹೋಗತ್ತೆ, ಅದಕ್ಕೆ ಹತ್ತೋಕೆ ಜಾಸ್ತಿ ಮೆಟ್ಟಿಲು ಬೇಕು. ವ್ಯಾಪಾರದಲ್ಲೂ ಇದೇ ಜಗಳ, 100ಕ್ಕೆ ತಂದು 125ಕ್ಕೆ ಮಾರಿದವನು ಲಾಭ 25 ಪರ್ಸೆಂಟ್ ಅಂತಾನೆ, ಅವನ ಪಾರ್ಟ್ನರ್ 20 ಪರ್ಸೆಂಟ್ ಅಂತಾನೆ. ಒಬ್ಬ ಕೊಂಡ ಬೆಲೆ ಮೇಲೆ ಲೆಕ್ಕ ಹಾಕಿದಾನೆ, ಇನ್ನೊಬ್ಬ ಮಾರಿದ ಬೆಲೆ ಮೇಲೆ. ಇದನ್ನ ಮೊದಲೇ ಮಾತಾಡ್ಕೊಳ್ದೆ ಪಾರ್ಟ್ನರ್‌ಶಿಪ್ ಮಾಡ್ಬಾರದು.

ಸುದ್ದೀಲಿ ಪದೇ ಪದೇ ಕಾಣೋ ಇನ್ನೊಂದು ಎಡವಟ್ಟು ಪರ್ಸೆಂಟಿನ ಪರ್ಸೆಂಟು. ಬಡ್ಡಿ ದರ ಶೇಕಡಾ 4 ಇದ್ದದ್ದು 5 ಆಯ್ತು ಅಂದ್ರೆ ಎಷ್ಟು ಏರಿತು? ಒಂದು ಪರ್ಸೆಂಟ್ ಅಂತ ಬಾಯಿಗೆ ಬರತ್ತೆ. ಆದ್ರೆ ನಾಲ್ಕರ ಮೇಲೆ ಒಂದು ಅಂದ್ರೆ ಕಾಲು ಭಾಗ, ಅಂದ್ರೆ ನೀವು ಕಟ್ಟೋ ಬಡ್ಡಿ ಶೇಕಡಾ 25 ಜಾಸ್ತಿ ಆಗಿದೆ. ಎರಡನ್ನೂ ಬೇರೆ ಮಾಡೋಕೇ ಮೊದಲನೇದಕ್ಕೆ ಶೇಕಡಾವಾರು ಅಂಶ, ಪರ್ಸೆಂಟೇಜ್ ಪಾಯಿಂಟ್ ಅಂತ ಹೇಳೋದು. ತನಗೆ ಅನುಕೂಲ ಆಗೋ ಕಡೆ ಇರೋದನ್ನ ಹೇಳೋದು ಎಲ್ಲರ ಚಾಳಿ, ಏರಿಸಿದವರು ಬರೀ ಒಂದೇ ಅಂಶ ಅಂತಾರೆ, ವಿರೋಧ ಮಾಡೋರು 25 ಪರ್ಸೆಂಟ್ ಏರಿಕೆ ಅಂತ ಕೂಗ್ತಾರೆ. ಇದರ ಜೊತೆಗೇ ಇನ್ನೊಂದು: "200 ಪರ್ಸೆಂಟ್ ಆಯ್ತು" ಅಂದ್ರೆ ಎರಡು ಪಟ್ಟು, "200 ಪರ್ಸೆಂಟ್ ಹೆಚ್ಚಾಯ್ತು" ಅಂದ್ರೆ ಮೂರು ಪಟ್ಟು. ಒಂದು ಪದ ಬದಲಾದ್ರೆ ಒಂದು ಪಟ್ಟೇ ಬದಲಾಯ್ತು. ಬೆಲೆ 150 ಪರ್ಸೆಂಟ್ ಇಳಿಸಿದೀವಿ ಅಂತ ಯಾರಾದ್ರೂ ಅಂದ್ರೆ ವಸ್ತೂನ ಫ್ರೀಯಾಗಿ ಕೊಟ್ಟು ಕೈಗೆ ಅರ್ಧ ಬೆಲೆ ದುಡ್ಡೂ ಕೊಡಿ ಅಂತ ಕೇಳಿ.

ತಮಾಷೆ ಅಲ್ಲದ ಕಡೆಗೆ ಬಂದ್ರೆ, 1995ರಲ್ಲಿ ಬ್ರಿಟನ್‌ನಲ್ಲಿ ಔಷಧಿ ಸುರಕ್ಷತೆ ನೋಡ್ಕೊಳ್ಳೋ ಸಮಿತಿ ಒಂದು ಎಚ್ಚರಿಕೆ ಕೊಡ್ತು, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಎರಡರಷ್ಟಾಗತ್ತೆ ಅಂತ. ಎರಡರಷ್ಟು ಅಂದ್ರೆ 100 ಪರ್ಸೆಂಟ್ ಏರಿಕೆ. ಜನ ಹೆದರಿದ್ರು, ತುಂಬ ಹೆಂಗಸರು ಮಾತ್ರೆ ಬಿಟ್ಟೇಬಿಟ್ರು. ನಿಜವಾದ ಲೆಕ್ಕ ಏನಿತ್ತು ಗೊತ್ತಾ, ಹಳೇ ಮಾತ್ರೆ ತಗೊಳ್ಳೋ ಸುಮಾರು 7000 ಹೆಂಗಸರಲ್ಲಿ ಒಬ್ಬರಿಗೆ ಆಗ್ತಿದ್ದದ್ದು ಹೊಸದ್ರಲ್ಲಿ ಇಬ್ಬರಿಗೆ. 7000ದಲ್ಲಿ ಒಬ್ಬರು ಜಾಸ್ತಿ. ಮಾತ್ರೆ ಬಿಟ್ಟ ಮೇಲೆ ಬೇಡದ ಬಸಿರು ಹೆಚ್ಚಾಯ್ತು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚುವರಿಯಾಗಿ ಆಯ್ತು ಅಂತ ಅಂದಾಜು, ಅದೂ ಬಸಿರಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಆ ಮಾತ್ರೆಗಿಂತ ಜಾಸ್ತಿ ಇರತ್ತೆ ಅನ್ನೋದು ಬೇರೆ. ಯಾರೂ ಸುಳ್ಳು ಹೇಳಿರ್ಲಿಲ್ಲ. 100 ಪರ್ಸೆಂಟ್ ಅನ್ನೋದು ನೂರಕ್ಕೆ ನೂರು ನಿಜ. ಯಾವುದರ ನೂರು ಅನ್ನೋದನ್ನ ಮಾತ್ರ ಬಾಯಿ ಬಿಟ್ಟು ಹೇಳ್ಲಿಲ್ಲ, ಒಂದರ ನೂರು ಪರ್ಸೆಂಟ್ ಒಂದೇ. ಅಂದಿನಿಂದ ನಾನು ಅಪಾಯ ಇಷ್ಟು ಪರ್ಸೆಂಟ್ ಏರಿತು ಅಂತ ಓದಿದ ತಕ್ಷಣ ಮೊದಲು ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಆಗ್ತಿತ್ತು ಅಂತ ಹುಡುಕ್ತೀನಿ, ಅದು ಸಿಗದಿದ್ರೆ ಆ ಸುದ್ದೀನ ಅಲ್ಲಿಗೇ ಬಿಡ್ತೀನಿ.

ಡಾಕ್ಟರುಗಳಿಗೂ ಇದು ಸುಲಭ ಅಲ್ಲ. 1978ರಲ್ಲಿ ಹಾರ್ವರ್ಡ್ ಕಡೆಯ 60 ಜನ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳನ್ನ ಒಂದು ಪ್ರಶ್ನೆ ಕೇಳಿದ್ರು: ಒಂದು ಕಾಯಿಲೆ ಸಾವಿರದಲ್ಲಿ ಒಬ್ಬರಿಗೆ ಇರತ್ತೆ, ಅದರ ಟೆಸ್ಟ್ ಕಾಯಿಲೆ ಇಲ್ಲದವರಲ್ಲಿ ಶೇಕಡಾ 5 ಜನಕ್ಕೆ ತಪ್ಪಾಗಿ ಪಾಸಿಟಿವ್ ತೋರಿಸತ್ತೆ, ಈಗ ಒಬ್ಬರಿಗೆ ಪಾಸಿಟಿವ್ ಬಂದಿದೆ, ಅವರಿಗೆ ನಿಜವಾಗಿ ಕಾಯಿಲೆ ಇರೋ ಸಾಧ್ಯತೆ ಎಷ್ಟು? ಹೆಚ್ಚುಕಮ್ಮಿ ಅರ್ಧ ಜನ 95 ಪರ್ಸೆಂಟ್ ಅಂದ್ರು. ಸರಿ ಉತ್ತರ ಸುಮಾರು 2 ಪರ್ಸೆಂಟ್, ಅದನ್ನ ಹೇಳಿದವರು 11 ಜನ. ಪರ್ಸೆಂಟ್ ಬಿಟ್ಟು ತಲೆ ಎಣಿಸಿ, ಬೇಗ ಅರ್ಥ ಆಗತ್ತೆ. ಸಾವಿರ ಜನ ಸಾಲಾಗಿ ನಿಂತಿದಾರೆ. ಒಬ್ಬರಿಗೆ ಕಾಯಿಲೆ ಇದೆ, ಅವರಿಗೆ ಪಾಸಿಟಿವ್ ಬಂತು ಅಂತಲೇ ಇಟ್ಕೊಳ್ಳಿ. ಉಳಿದ 999 ಜನರಲ್ಲಿ ಶೇಕಡಾ 5 ಅಂದ್ರೆ ಸುಮಾರು 50 ಜನಕ್ಕೆ ಸುಮ್ಸುಮ್ನೆ ಪಾಸಿಟಿವ್. ಒಟ್ಟು 51 ಪಾಸಿಟಿವ್ ಚೀಟಿ, ಅದರಲ್ಲಿ ನಿಜದ್ದು ಒಂದು. 5 ಪರ್ಸೆಂಟ್ ಅನ್ನೋದು ಕಾಯಿಲೆ ಇಲ್ಲದವರ ಲೆಕ್ಕ, ನಮಗೆ ಬೇಕಿದ್ದದ್ದು ಪಾಸಿಟಿವ್ ಬಂದವರ ಲೆಕ್ಕ, ಎರಡೂ ಬೇರೆ ಗುಂಪು. ಹಾಗಂತ ಇದನ್ನ ಓದಿ ನಿಮ್ಮ ಟೆಸ್ಟ್ ರಿಪೋರ್ಟನ್ನ ಕಸದ ಬುಟ್ಟಿಗೆ ಹಾಕ್ಬೇಡಿ, ರೋಗಲಕ್ಷಣ ಇದ್ದು ಟೆಸ್ಟಿಗೆ ಹೋದವರ ಗುಂಪೇ ಬೇರೆ, ಅಲ್ಲಿ ಕಾಯಿಲೆ ಇರೋರು ಸಾವಿರಕ್ಕೆ ಒಬ್ಬರಿಗಿಂತ ಎಷ್ಟೋ ಜಾಸ್ತಿ ಇರ್ತಾರೆ.

ಗುಂಪು ಬದಲಾದ್ರೆ ಕತೆಯೇ ತಿರುಗಿ ನಿಲ್ಲೋದಕ್ಕೆ ಇನ್ನೊಂದು ಪ್ರಸಿದ್ಧ ಪ್ರಸಂಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ್ದು. 1973ರಲ್ಲಿ ಅಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ 8442 ಗಂಡಸರಲ್ಲಿ ಸುಮಾರು 44 ಪರ್ಸೆಂಟ್ ಜನಕ್ಕೆ ಸೀಟು ಸಿಕ್ತು, 4321 ಹೆಂಗಸರಲ್ಲಿ 35 ಪರ್ಸೆಂಟ್‌ಗೆ ಮಾತ್ರ. ಪಕ್ಷಪಾತ ಅನ್ನೋಕೆ ಇನ್ನೇನು ಬೇಕು? ಆದ್ರೆ ವಿಭಾಗವಾರು ತೆಗೆದು ನೋಡಿದ್ರೆ ಹೆಚ್ಚಿನ ವಿಭಾಗಗಳಲ್ಲಿ ಹೆಂಗಸರ ವಿರುದ್ಧ ಪಕ್ಷಪಾತ ಕಾಣ್ಲಿಲ್ಲ, ಒಟ್ಟಾರೆ ಸ್ವಲ್ಪ ಅವರ ಕಡೆಗೇ ವಾಲಿತ್ತು. ಇದು ಹೇಗೆ ಸಾಧ್ಯ ಅಂತ ನನಗೆ ಕಾಗದದ ಮೇಲೆ ಬರೆದು ನೋಡೋವರೆಗೂ ನಂಬಿಕೆ ಬಂದಿರ್ಲಿಲ್ಲ, ನೀವೂ ಬರೀರಿ. ಸುಲಭದ ವಿಭಾಗಕ್ಕೆ 80 ಹುಡುಗ್ರು ಅರ್ಜಿ ಹಾಕಿ 48 ಜನಕ್ಕೆ ಸಿಕ್ತು, ಅದು 60 ಪರ್ಸೆಂಟ್. ಅಲ್ಲಿಗೇ 20 ಹುಡುಗೀರು ಹಾಕಿ 13 ಜನಕ್ಕೆ ಸಿಕ್ತು, 65 ಪರ್ಸೆಂಟ್. ಕಷ್ಟದ ವಿಭಾಗಕ್ಕೆ 20 ಹುಡುಗ್ರಲ್ಲಿ 4, ಅಂದ್ರೆ 20 ಪರ್ಸೆಂಟ್, 80 ಹುಡುಗೀರಲ್ಲಿ 20, ಅಂದ್ರೆ 25 ಪರ್ಸೆಂಟ್. ಎರಡೂ ಕಡೆ ಹುಡುಗೀರೇ ಮುಂದೆ. ಈಗ ಒಟ್ಟು ಮಾಡಿ: ಹುಡುಗ್ರು ನೂರಕ್ಕೆ 52, ಹುಡುಗೀರು ನೂರಕ್ಕೆ 33. ಹುಡುಗೀರಲ್ಲಿ ಹೆಚ್ಚಿನವರು ಸೀಟು ಸಿಗೋದೇ ಕಷ್ಟ ಇರೋ ಕಡೆ ಅರ್ಜಿ ಹಾಕಿದ್ರು, ಬರ್ಕ್ಲೀಲೂ ಆದದ್ದು ಅದೇ. ಅದಕ್ಕೇ ಪರ್ಸೆಂಟುಗಳನ್ನ ಸುಮ್ನೆ ಕೂಡಿಸಿ ಸರಾಸರಿ ತೆಗೀಬಾರದು ಅನ್ನೋದು. 10ಕ್ಕೆ 10 ಬಂದ ಟೆಸ್ಟು 100 ಪರ್ಸೆಂಟ್, 100ಕ್ಕೆ 50 ಬಂದದ್ದು 50 ಪರ್ಸೆಂಟ್, ಸರಾಸರಿ 75 ಅಂತ ಬೀಗ್ಬೇಡಿ, 110ಕ್ಕೆ 60 ಬಂದಿದೆ, ಐವತ್ತನಾಲ್ಕೂವರೆ.

ಸಾಲದ ವಿಷಯಕ್ಕೆ ಬಂದ್ರೆ "ಯಾವುದರ" ಅನ್ನೋ ಪ್ರಶ್ನೆ ಜೇಬಿಗೇ ಕೈ ಹಾಕತ್ತೆ. 1200 ಸಾಲ, ಒಂದು ವರ್ಷ, ಫ್ಲಾಟ್ ಬಡ್ಡಿ ಶೇಕಡಾ 12 ಅಂದ್ರು ಅಂತಿಟ್ಕೊಳ್ಳಿ. ಬಡ್ಡಿ 144, ಒಟ್ಟು 1344, ತಿಂಗಳಿಗೆ 112 ಕಂತು. ನೋಡೋಕೆ ಸಾಧು. ಆದ್ರೆ ಮೊದಲ ಕಂತು ಕಟ್ಟಿದ ದಿನದಿಂದಲೇ ಅಸಲು ಕರಗ್ತಾ ಬರತ್ತೆ, ಆರು ತಿಂಗಳಾಗೋ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ ತೀರಿಸಿರ್ತೀರಿ, ಕೊನೇ ತಿಂಗಳು ನಿಮ್ಮ ಕೈಲಿ ಇರೋದು ನೂರು ಚಿಲ್ಲರೆ ಮಾತ್ರ, ಬಡ್ಡಿ ಮಾತ್ರ ಅವತ್ತಿಗೂ 1200ರ ಮೇಲೇ ಹೋಗ್ತಿದೆ. ವರ್ಷ ಪೂರ್ತಿ ನಿಮ್ಮ ಹತ್ರ ಸರಾಸರಿ ಇದ್ದದ್ದು 650ರ ಆಸುಪಾಸು. ಅದಕ್ಕೆ 144 ಬಡ್ಡಿ ಅಂದ್ರೆ ಸುಮಾರು 22 ಪರ್ಸೆಂಟ್ ಆಯ್ತು, ಕಂತುಗಳನ್ನ ಸರಿಯಾಗಿ ಲೆಕ್ಕ ಹಾಕಿದ್ರೆ ಇಪ್ಪತ್ತೊಂದೂವರೆ ಹತ್ರ ಬರತ್ತೆ. ಅದಕ್ಕೆ ಒಬ್ರು ಫ್ಲಾಟ್ 12 ಅಂತಾರೆ, ಇನ್ನೊಬ್ರು ಉಳಿದ ಅಸಲಿನ ಮೇಲೆ 16 ಅಂತಾರೆ ಅಂದ್ರೆ, 16 ಹೇಳಿದವರ ಹತ್ರ ಹೋಗಿ. ನನಗೆ ಇದು ಗೊತ್ತಾಗೋ ಹೊತ್ತಿಗೆ ಒಂದು ಸಾಲ ಮುಗಿಸಿ ಆಗಿತ್ತು.

ಕೂಡಿಟ್ಟ ದುಡ್ಡು ಚಕ್ರಬಡ್ಡೀಲಿ ಡಬಲ್ ಆಗೋಕೆ ಎಷ್ಟು ವರ್ಷ ಬೇಕು ಅಂತ ತಿಳಿಯೋಕೆ 72ನ್ನ ಬಡ್ಡಿ ದರದಿಂದ ಭಾಗಿಸಿ. 6 ಪರ್ಸೆಂಟಿಗೆ 12 ವರ್ಷ, 9ಕ್ಕೆ 8 ವರ್ಷ. ಇಟಲಿಯ ಲೂಕಾ ಪಚೋಲಿ 1494ರಲ್ಲೇ ಬರೆದಿಟ್ಟಿದ್ದ ಉಪಾಯ ಇದು. ಬೆಲೆ ಏರಿಕೆಗೂ ಇದೇ ಸೂತ್ರ, ವರ್ಷಕ್ಕೆ 6 ಪರ್ಸೆಂಟ್ ಬೆಲೆ ಏರ್ತಾ ಹೋದ್ರೆ 12 ವರ್ಷದಲ್ಲಿ ನಿಮ್ಮ ಕೈಲಿರೋ ನೋಟಿನ ತಾಕತ್ತು ಅರ್ಧ.

ಇಲ್ಲೊಂದು ಒಗಟು, ಉತ್ತರ ನೋಡ್ದೆ ಮಾಡಿ. 100 ಕೆಜಿ ಪಾಚಿ ಇದೆ, ಅದರಲ್ಲಿ 99 ಪರ್ಸೆಂಟ್ ನೀರು. ಬಿಸಿಲಿಗೆ ಹರವಿದ್ರಿ, ಸ್ವಲ್ಪ ನೀರು ಆರಿ ಈಗ 98 ಪರ್ಸೆಂಟ್ ನೀರಿದೆ. ತೂಕ ಎಷ್ಟು? 99 ಕೆಜಿ ಅಂದ್ರಾ? 50 ಕೆಜಿ. ನೀರಿನ ಕಡೆಯಿಂದ ನೋಡಿದ್ರೆ ಯಾವತ್ತೂ ನಂಬಿಕೆ ಬರಲ್ಲ, ನೀರಲ್ಲದ ಕಡೆಯಿಂದ ನೋಡಿ. ಮೊದಲು ನೀರಲ್ಲದ್ದು 1 ಕೆಜಿ ಇತ್ತು, ಅದು ಆರಲ್ಲ, ಈಗಲೂ 1 ಕೆಜಿನೇ. ಮೊದಲು ಅದು ನೂರಕ್ಕೆ ಒಂದು, ಈಗ ನೂರಕ್ಕೆ ಎರಡು. ಒಂದು ಕೆಜಿ ನೂರಕ್ಕೆ ಎರಡಾಗ್ಬೇಕು ಅಂದ್ರೆ ಪೂರ್ತಿ ತೂಕ 50 ಕೆಜಿ ಆಗ್ಲೇಬೇಕು.

ನೂರರ ಹತ್ರ ಇರೋ ಸಂಖ್ಯೆ ಕಂಡಾಗೆಲ್ಲ ಹೀಗೇ ಉಳಿದ ಚೂರನ್ನ ನೋಡೋದು ಒಳ್ಳೇದು. ಒಂದು ವೆಬ್‌ಸೈಟ್ 99 ಪರ್ಸೆಂಟ್ ಸಮಯ ಕೆಲಸ ಮಾಡತ್ತೆ, ಇನ್ನೊಂದು 99.9 ಅಂದ್ರೆ ಎರಡೂ ಒಂದೇ ಥರ ಕೇಳ್ಸತ್ತೆ. ಮೊದಲನೇದು ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಮುಚ್ಚಿರತ್ತೆ, ಎರಡನೇದು ಒಂಬತ್ತು ಗಂಟೆಗಿಂತ ಕಮ್ಮಿ. 99.9 ಪರ್ಸೆಂಟ್ ಕೀಟಾಣು ಸಾಯಿಸೋ ಸೋಪು ಹತ್ತು ಲಕ್ಷದಲ್ಲಿ ಸಾವಿರ ಬಿಟ್ಟು ಹೋಗತ್ತೆ. ಸನ್‌ಸ್ಕ್ರೀನಲ್ಲಿ ಉಲ್ಟಾ, ಎಸ್‌ಪಿಎಫ್ 30 ಮತ್ತು 50 ಅಂದ್ರೆ ಅಜಗಜಾಂತರ ಅನ್ಸತ್ತೆ, ತಡೆಯೋದು ಸುಮಾರು 97 ಮತ್ತು 98 ಪರ್ಸೆಂಟ್. ಇನ್ನು ಬೆಟ್ಟದ ರಸ್ತೇಲಿ 10 ಪರ್ಸೆಂಟ್ ಏರು ಅಂತ ಬೋರ್ಡ್ ಇದ್ರೆ ನೆಲದ ಮೇಲೆ 100 ಮೀಟರ್ ಮುಂದೆ ಹೋದ್ರೆ 10 ಮೀಟರ್ ಮೇಲೆ ಅಂತ ಅರ್ಥ, ಹಾಗಾಗಿ 100 ಪರ್ಸೆಂಟ್ ಏರು ಅಂದ್ರೆ ಗೋಡೆ ಥರ ನೆಟ್ಟಗೆ ಇರಲ್ಲ, 45 ಡಿಗ್ರಿ ಅಷ್ಟೇ.

ಇದನ್ನ ಬರೀತಾ ಇರುವಾಗ ಪಕ್ಕದಲ್ಲಿ ಹಳೇ ಫೋಟೋ ವಿಡಿಯೋ ಎಲ್ಲ ಇನ್ನೊಂದು ಡಿಸ್ಕ್‌ಗೆ ಕಾಪಿ ಆಗ್ತಿತ್ತು. 99 ಪರ್ಸೆಂಟ್ ಅಂತ ಬಂದು ನಿಂತು ಇಪ್ಪತ್ತು ನಿಮಿಷ ಆಯ್ತು. ಹ್ಯಾಂಗ್ ಆಯ್ತೇನೋ ಅಂತ ತೆಗೆದು ನೋಡಿದ್ರೆ, ಆ 99 ಫೈಲುಗಳ ಎಣಿಕೆಯದ್ದು, ಸೈಜಿನದ್ದಲ್ಲ. ಸಾವಿರ ಫೋಟೋ ಹೋಗಿ ಆಗಿದೆ, ಉಳಿದಿರೋದು ಹತ್ತೇ ಫೈಲು, ಹತ್ತೂ ಒಂದೊಂದು ಗಂಟೆಯ ವಿಡಿಯೋ.